ಹೊಸ ಪ್ಯಾಡ್ ಹಾಕಿಸಿದ ಮೇಲೂ ಬ್ರೇಕ್ ಕಿರುಚುವುದೇಕೆ?

ಚೆನ್ನೈಗೆ ಹೊಸದಾಗಿ ಬಂದ ಕನ್ನಡಿಗ ಕಾರನ್ನು ಗ್ಯಾರೇಜಿಗೆ ಒಯ್ದಾಗ ಮೆಕ್ಯಾನಿಕ್ ‘ಬ್ರೇಕ್‌ಲ ಸತ್ತಂ ವರುದು ಸಾರ್’ ಎಂದರೆ ಎದೆ ಧಸಕ್ಕೆನ್ನುತ್ತದೆ. ಬ್ರೇಕ್ ಸತ್ತೇ ಹೋಯಿತೇ? ಪಾಪ, ಆತ ಹೇಳಿದ್ದು ಇಷ್ಟೇ: ಬ್ರೇಕಿನಿಂದ ಶಬ್ದ ಬರುತ್ತಿದೆ. ಪುಣೆಯಲ್ಲಿ ಇದೇ ಮಾತು ‘ಬ್ರೇಕ್ ಆವಾಜ್ ಕರತೋಯ್’ ಆಗುತ್ತದೆ, ದೆಹಲಿಯಲ್ಲಿ ‘ಆವಾಜ್ ಆ ರಹೀ ಹೈ’. ಭಾಷೆ ಯಾವುದಾದರೂ ಮುಂದಿನ ಮಾತು ಒಂದೇ: ‘ಪ್ಯಾಡ್ ಬದಲಿಸಿಬಿಡೋಣ’. ಬದಲಿಸುತ್ತೇವೆ, ದುಡ್ಡು ಕೊಡುತ್ತೇವೆ. ವಾರ ಕಳೆಯುವುದರೊಳಗೆ ಹೊಸ ಪ್ಯಾಡೂ ಸಿಗ್ನಲ್ಲಿನಲ್ಲಿ ನಿಲ್ಲುವಾಗ ‘ಕೀಂಯ್’ ಎನ್ನುತ್ತದೆ. ಪಕ್ಕದ ಬೈಕಿನವನು ತಿರುಗಿ ನೋಡುತ್ತಾನೆ.

ನಾನು ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಚಾಕಣ್ ಕಡೆಯ ಕಾರ್ಖಾನೆಯೊಂದರಲ್ಲಿ ವಾಹನಗಳ ಶಬ್ದ ಮತ್ತು ಕಂಪನವನ್ನು ಅಳೆಯುವುದು ನನ್ನ ಕೆಲಸ. ಹೀಗಾಗಿ ನಮ್ಮ ಕನ್ನಡ ಬಳಗದಲ್ಲಿ ಯಾರ ಕಾರು ಕಿರುಚಿದರೂ ಫೋನು ನನಗೆ ಬರುತ್ತದೆ. ಈಚಿನ ವರ್ಷಗಳಲ್ಲಿ ಆ ಫೋನುಗಳ ಸ್ವರೂಪ ಬದಲಾಗಿದೆ. ನಲವತ್ತು ದಾಟಿದ ಐಟಿ ಗೆಳೆಯರು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳತೊಡಗಿದ್ದಾರೆ. ಕಾಲೇಜಿನಲ್ಲಿದ್ದಾಗ ಹಾಸ್ಟೆಲ್ ಗೋಡೆಗೆ ಅಂಟಿಸಿದ್ದ ಚಿತ್ರ ಈಗ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತಿದೆ. ಕಾರು ಬಂತು, ಜೊತೆಗೆ ಕಿರುಚಾಟವೂ ಬಂತು.

ಇಂಥವರಿಗೆಲ್ಲ ನಾನು ಹೇಳುವ ಮಾತು ಒಂದೇ. ಬ್ರೇಕಿನ ಕಿರುಚಾಟಕ್ಕೆ ಮದ್ದು ಇರುವುದು ಹೆಚ್ಚಾಗಿ ಪ್ಯಾಡಿನ ಮುಂಬದಿಯಲ್ಲಲ್ಲ, ಅದರ ಬೆನ್ನಲ್ಲಿ ಮತ್ತು ಅಂಚಿನಲ್ಲಿ. ಇದನ್ನು ತಿಳಿಯದೆ ಹೇಗಾದರೂ ಸದ್ದಡಗಿಸಲು ಹೊರಟರೆ ಸದ್ದಿನ ಜೊತೆ ಬ್ರೇಕೂ ಅಡಗಿಬಿಡಬಹುದು.

ಜಾಗಟೆ, ಪಿಟೀಲು ಮತ್ತು ಸೀಮೆಸುಣ್ಣ

ಶಾಲೆಯಲ್ಲಿ ಮೇಷ್ಟ್ರು ಉದ್ದನೆಯ ಹೊಸ ಸೀಮೆಸುಣ್ಣ ಹಿಡಿದು ಕಪ್ಪುಹಲಗೆಯ ಮೇಲೆ ಬರೆದಾಗ ‘ಕಿರ್ರ್’ ಎಂದು ಹಲ್ಲು ಜುಮ್ಮೆನ್ನುತ್ತಿದ್ದುದು ನೆನಪಿದೆಯಲ್ಲ? ಅವರು ಅದನ್ನು ಪಟ್ಟನೆ ಎರಡು ತುಂಡು ಮಾಡಿ ಬರೆದರೆ ಸದ್ದು ಮಾಯ. ಹಲಗೆ ಅದೇ, ಸುಣ್ಣ ಅದೇ, ಘರ್ಷಣೆಯೂ ಅದೇ. ಬದಲಾದದ್ದು ಸುಣ್ಣದ ಕಡ್ಡಿ ಕಂಪಿಸುವ ರೀತಿ ಮಾತ್ರ. ಬ್ರೇಕಿನ ಕಿರುಚಾಟದ ಅರ್ಧ ಪಾಠ ಇಲ್ಲೇ ಇದೆ.

ಡಿಸ್ಕ್ ಬ್ರೇಕ್ ಎಂದರೆ ಚಕ್ರದ ಜೊತೆ ತಿರುಗುವ ಎರಕದ ಕಬ್ಬಿಣದ ತಟ್ಟೆ. ಅದರ ಎರಡೂ ಬದಿಗೆ ಒಂದೊಂದು ಪ್ಯಾಡ್. ಪ್ಯಾಡ್‌ಗಳನ್ನು ತಟ್ಟೆಗೆ ಒತ್ತುವ ಹಿಡಿಯೇ ಕ್ಯಾಲಿಪರ್. ಪೆಡಲ್ ತುಳಿದಾಗ ಬ್ರೇಕ್ ಎಣ್ಣೆಯ ಒತ್ತಡಕ್ಕೆ ಕ್ಯಾಲಿಪರಿನೊಳಗಿನ ಪಿಸ್ಟನ್ ಮುಂದೆ ಬಂದು ಪ್ಯಾಡನ್ನು ತಳ್ಳುತ್ತದೆ. ಆದರೆ ಪ್ಯಾಡ್ ತಟ್ಟೆಯ ಮೇಲೆ ಬೆಣ್ಣೆಯ ಹಾಗೆ ಜಾರುವುದಿಲ್ಲ. ಕ್ಷಣಕಾಲ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಪಿಟೀಲಿನ ಕಮಾನು ತಂತಿಯನ್ನು ಹೀಗೆಯೇ ಹಿಡಿದು ಬಿಟ್ಟು ನಾದ ಹೊರಡಿಸುತ್ತದೆ. ಇಲ್ಲಿ ತಂತಿಯ ಜಾಗದಲ್ಲಿ ಹಲವಾರು ಕಿಲೋ ತೂಕದ ಕಬ್ಬಿಣದ ತಟ್ಟೆ ಇದೆ. ದೇವಸ್ಥಾನದ ಜಾಗಟೆಗೆ ತನ್ನದೇ ಆದ ನಾದ ಇರುವಂತೆ ಈ ತಟ್ಟೆಗೂ ತನ್ನದೇ ಸ್ವರಗಳಿವೆ. ಪ್ಯಾಡಿಗೂ ಕ್ಯಾಲಿಪರಿಗೂ ಅವುಗಳದ್ದೇ ಸ್ವರಗಳಿವೆ. ಇವುಗಳಲ್ಲಿ ಎರಡು ಹತ್ತಿರ ಹತ್ತಿರ ಬಂದು, ಘರ್ಷಣೆ ಅವೆರಡನ್ನೂ ಬೆಸೆದಾಗ ಸಣ್ಣ ಕಂಪನ ತಾನೇ ತಾನಾಗಿ ಬೆಳೆಯುತ್ತ ಹೋಗುತ್ತದೆ. ಅದೇ ನಮಗೆ ಕೇಳುವ ‘ಕೀಂಯ್’.

ಈ ಸದ್ದು ಸಾಮಾನ್ಯವಾಗಿ ಸೆಕೆಂಡಿಗೆ 1,000 ಕಂಪನಗಳಿಗಿಂತ ಮೇಲಿರುತ್ತದೆ, ಕೆಲವೊಮ್ಮೆ 10,000 ದಾಟುತ್ತದೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು 2,000ದಿಂದ 5,000ದ ನಡುವೆ. ಬ್ರೇಕ್ ಕಿರುಚುವುದೂ ಬಹುಪಾಲು ಇದೇ ಹರವಿನಲ್ಲಿ. ಅದಕ್ಕೇ ತಟ್ಟೆ ಮಿಲಿಮೀಟರಿನ ಸಣ್ಣ ಅಂಶದಷ್ಟು ಅದುರಿದರೂ ನಾಲ್ಕು ಕಾರಿನಾಚೆಗೆ ಕೇಳಿಸುತ್ತದೆ.

ಹಾಗಾದರೆ ಮಾಡಬೇಕಾದ್ದು ಎರಡು. ಕಂಪನ ಹುಟ್ಟದಂತೆ ಪ್ಯಾಡನ್ನು ಸಮವಾಗಿ, ಸಡಿಲವಿಲ್ಲದೆ ಕೂರಿಸುವುದು ಒಂದು. ಹುಟ್ಟಿದ ಕಂಪನ ಬೆಳೆಯುವ ಮೊದಲೇ ಅದನ್ನು ಹೀರಿಕೊಳ್ಳುವುದು ಇನ್ನೊಂದು. ಘರ್ಷಣೆಯನ್ನೇ ಕಡಿಮೆ ಮಾಡಿದರೂ ಸದ್ದು ನಿಲ್ಲುತ್ತದೆ, ನಿಜ. ಆದರೆ ಕಾರನ್ನು ನಿಲ್ಲಿಸುವುದೂ ಆ ಘರ್ಷಣೆಯೇ. ಎತ್ತಿನಗಾಡಿಯ ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ ಹಾಕುತ್ತಿದ್ದ ನಾಡು ನಮ್ಮದು. ಬ್ರೇಕಿನ ವಿಷಯದಲ್ಲಿ ಆ ಬುದ್ಧಿ ಕೆಲಸಕ್ಕೆ ಬಾರದು.

ಹುಟ್ಟಿನಿಂದಲೇ ಬಂದ ತಕರಾರು

ಈ ತಕರಾರು ಡಿಸ್ಕ್ ಬ್ರೇಕಿನಷ್ಟೇ ಹಳೆಯದು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಉಜ್ಜಲು ಬಳಸಿದ್ದು ತಾಮ್ರ. ಲೋಹಕ್ಕೆ ಲೋಹ ಉಜ್ಜಿ ಅದು ಎಬ್ಬಿಸಿದ ಕಿರುಚಾಟವೇ ಅದರ ದೊಡ್ಡ ದೂರಾಯಿತು. ಫೆರೋಡೊ ಕಂಪನಿಯನ್ನು ಕಟ್ಟಿದ ಹರ್ಬರ್ಟ್ ಫ್ರೂಡ್ ಆಸ್ಬೆಸ್ಟಾಸ್ ಹೊದಿಕೆ ತಂದ ಮೇಲೆ ಬ್ರೇಕುಗಳು ಸುಮ್ಮನಾದವು. ಅದೇ ಆಸ್ಬೆಸ್ಟಾಸ್ ಶ್ವಾಸಕೋಶಕ್ಕೆ ಮಾರಕ ಎಂದು ಮುಂದೆ ತಿಳಿದು ಅನೇಕ ದೇಶಗಳು ಅದನ್ನು ನಿಷೇಧಿಸಿದವು. 1953ರಲ್ಲಿ ಲ ಮಾನ್ಸ್‌ನ 24 ಗಂಟೆಗಳ ಓಟವನ್ನು ಜಾಗ್ವಾರ್ ಸಿ-ಟೈಪ್ ಡಿಸ್ಕ್ ಬ್ರೇಕಿನ ಬಲದಿಂದ ಗೆದ್ದ ಮೇಲೆ ಸ್ಪೋರ್ಟ್ಸ್ ಕಾರುಗಳೆಲ್ಲ ಅದರ ಕಡೆ ತಿರುಗಿದವು. ನಿಲ್ಲುವ ಶಕ್ತಿ ಮತ್ತು ಸದ್ದಿನ ನಡುವಿನ ಹಗ್ಗಜಗ್ಗಾಟ ಮಾತ್ರ ಇಂದಿಗೂ ಮುಗಿದಿಲ್ಲ.

ಸ್ಪೋರ್ಟ್ಸ್ ಕಾರಿನಲ್ಲಿ ಈ ಜಗ್ಗಾಟ ಜೋರು. ಅದರ ಪ್ಯಾಡ್‌ನಲ್ಲಿ ಲೋಹದ ಅಂಶ ಹೆಚ್ಚು, ಬಿಸಿಯಾದಾಗಲೂ ಹಿಡಿತ ಬಿಡಬಾರದೆಂದು. ತಟ್ಟೆ ದೊಡ್ಡದು. ಕ್ಯಾಲಿಪರ್ ಎರಡೂ ಬದಿಯಿಂದ ಪಿಸ್ಟನ್ ಇರುವ ಸ್ಥಿರ ಬಗೆಯದು, ಮಾಮೂಲಿ ಕಾರಿನಂತೆ ಅತ್ತಿತ್ತ ಜಾರುವುದಲ್ಲ. ರೇಸ್ ಟ್ರ್ಯಾಕಿನಲ್ಲಿ ಕಾಯ್ದು ಕೆಂಪಾಗಬೇಕಾದ ಈ ಸಾಮಗ್ರಿಯನ್ನು ನಾವು ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ, ತಣ್ಣಗಿರುವಾಗ, ಮೆಲ್ಲಗೆ ಒತ್ತುತ್ತೇವೆ. ಕಿರುಚಾಟಕ್ಕೆ ಇದಕ್ಕಿಂತ ಅನುಕೂಲ ಬೇರಿಲ್ಲ. ಗರಡಿಯ ಪೈಲ್ವಾನನನ್ನು ಕರೆತಂದು ಸೂಜಿಗೆ ದಾರ ಪೋಣಿಸಲು ಕೂರಿಸಿದ ಹಾಗೆ.

ಒಂದು ಬಾಕ್ಸ್‌ಸ್ಟರ್‌ನ ಕಥೆ

ಹೊನ್ನಾವರ ಕಡೆಯ ಗೆಳೆಯರೊಬ್ಬರು ಹಿಂಜವಡಿಯಲ್ಲಿ ಕೆಲಸ ಮಾಡುತ್ತಾರೆ. ಅವರ ಬಳಿ ಹಳೆಯದೊಂದು ಪೋರ್ಶೆ ಬಾಕ್ಸ್‌ಸ್ಟರ್ ಇದೆ. ಡ್ಯಾಶ್‌ಬೋರ್ಡಿನಲ್ಲಿ ಪ್ಯಾಡ್ ಸವೆದ ಸೂಚನೆ ಬಂದಾಗ ಹತ್ತಿರದ ಗ್ಯಾರೇಜೊಂದರಲ್ಲಿ ನಾಲ್ಕೂ ಚಕ್ರದ ಪ್ಯಾಡ್ ಬದಲಿಸಿದರು. ಐದನೇ ದಿನ ಕಿರುಚಾಟ ಶುರು. ಮತ್ತೆ ಒಯ್ದರೆ ಅಲ್ಲಿಯವರು ಅರ್ಧ ಗಂಟೆಯಲ್ಲಿ ‘ಸರಿ ಮಾಡಿ’ ಕೊಟ್ಟರು. ಸದ್ದು ನಿಜವಾಗಿಯೂ ಹೋಗಿತ್ತು. ಆದರೆ ಪೆಡಲ್ ಒತ್ತಿದಾಗ ಕಾರು ತುಸು ಎಡಕ್ಕೆ ಎಳೆಯುತ್ತಿದೆ ಎಂದು ಅವರಿಗೆ ಅನುಮಾನ. ಮರುವಾರ ದೀಪಾವಳಿಗೆ ಊರಿಗೆ ಹೊರಡುವವರಿದ್ದರು. ಹುಬ್ಬಳ್ಳಿ ದಾಟಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆ. ಪಕ್ಕದ ಸೀಟಿನಲ್ಲಿ ಎಪ್ಪತ್ತು ದಾಟಿದ ತಂದೆ. ‘ಒಮ್ಮೆ ನೋಡಿಬಿಡು ಮಾರಾಯ’ ಎಂದರು.

ಭಾನುವಾರ ಚಕ್ರ ಬಿಚ್ಚಿ ನೋಡಿದೆವು. ಮೂರು ಸಂಗತಿ ಕಣ್ಣಿಗೆ ಬಿದ್ದವು.

ಮೊದಲನೆಯದು, ಪ್ಯಾಡಿನ ಬೆನ್ನಿಗೆ ಇರಬೇಕಾದ ಕಂಪನ ತಡೆಯುವ ಡ್ಯಾಂಪರ್‌ಗಳೇ ಇರಲಿಲ್ಲ. ಪೋರ್ಶೆಯ ಈ ಕಾರಿನಲ್ಲಿ ಪ್ರತಿ ಪಿಸ್ಟನ್ನಿಗೂ ಒಂದರಂತೆ ದುಂಡನೆಯ ಲೋಹದ ಬಿಲ್ಲೆ ಇರುತ್ತದೆ. ಅದರ ಒಂದು ಬದಿಗೆ ಅಂಟು. ಅದು ಪ್ಯಾಡಿನ ಬೆನ್ನಿಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ಬದಿಯಲ್ಲಿ ಜೇಡನ ಕಾಲಿನಂಥ ಸ್ಪ್ರಿಂಗ್‌ಗಳು. ಅವು ಪಿಸ್ಟನ್ನಿನ ಟೊಳ್ಳಿನೊಳಗೆ ಕೂರುತ್ತವೆ. ಹೀಗೆ ಪ್ಯಾಡ್ ಮತ್ತು ಪಿಸ್ಟನ್ ಒಂದಕ್ಕೊಂದು ಹಿಡಿದುಕೊಂಡೇ ಇರುತ್ತವೆ, ಪ್ಯಾಡ್ ತನ್ನ ಪಾಡಿಗೆ ತಾನು ಕುಣಿಯಲಾರದು. ಹಳೆಯ ಪ್ಯಾಡ್ ಕೀಳುವಾಗ ಈ ಬಿಲ್ಲೆಗಳೂ ಬಂದಿದ್ದವು. ಅವುಗಳನ್ನು ಕಸದ ಡಬ್ಬಿಗೆ ಹಾಕಿ, ಹೊಸ ಪ್ಯಾಡನ್ನು ಹಾಗೆಯೇ ತೂರಿಸಿದ್ದರು.

ಎರಡನೆಯದು, ಕ್ಯಾಲಿಪರಿನಲ್ಲಿ ಪ್ಯಾಡಿನ ಅಂಚು ಜಾರಬೇಕಾದ ಜಾಗದಲ್ಲಿ ಹಳೆಯ ಧೂಳು ಸಿಮೆಂಟಿನಂತೆ ಗಟ್ಟಿಯಾಗಿತ್ತು. ಹೊಸ ಪ್ಯಾಡ್ ಒಂದು ಕಡೆ ಬಿಗಿಯಾಗಿ, ಇನ್ನೊಂದು ಕಡೆ ಸಡಿಲವಾಗಿ ಕೂತಿತ್ತು.

ಮೂರನೆಯದೇ ನಮ್ಮ ಮೈ ಬೆವರಿಸಿದ್ದು. ಸದ್ದಡಗಿಸಲು ಬಲಗಡೆಯ ಪ್ಯಾಡಿನ ಬೆನ್ನಿಗೆ ರೊಟ್ಟಿಗೆ ಬೆಣ್ಣೆ ಹಚ್ಚಿದಂತೆ ಮಾಮೂಲಿ ಗ್ರೀಸ್ ಮೆತ್ತಿದ್ದರು. ಅದು ಬಿಸಿಗೆ ಕರಗಿ ಅಂಚಿನಿಂದ ಇಳಿದು ಉಜ್ಜುವ ಮುಖದ ಒಂದು ಮೂಲೆಯನ್ನು ಒದ್ದೆ ಮಾಡಿತ್ತು. ಬಲಗಡೆಯ ಹಿಡಿತ ಕಡಿಮೆಯಾದ್ದರಿಂದಲೇ ಕಾರು ಎಡಕ್ಕೆ ಎಳೆಯುತ್ತಿದ್ದುದು. ಊರೊಳಗೆ ಇದು ಅನುಮಾನದ ಮಟ್ಟದಲ್ಲಿತ್ತು. ಘಟ್ಟದ ತಿರುವಿನಲ್ಲಿ, ಡಿಸ್ಕ್ ನೂರಾರು ಡಿಗ್ರಿ ಕಾದಿರುವಾಗ, ಎದುರಿಗೆ ಲಾರಿ ಬಂದಾಗ ಅದು ಅನುಮಾನವಾಗಿ ಉಳಿಯುತ್ತಿರಲಿಲ್ಲ.

ಗ್ರೀಸ್ ಹೀರಿದ ಪ್ಯಾಡನ್ನು ತೊಳೆದೋ, ಉಜ್ಜಿಯೋ, ಸುಟ್ಟೋ ಉಳಿಸಿಕೊಳ್ಳಲು ಹೋಗಬಾರದು. ಒಂದು ಚಕ್ರದ್ದು ಹಾಳಾದರೂ ಅದೇ ಆಕ್ಸಲಿನ ಎರಡೂ ಚಕ್ರಕ್ಕೆ ಹೊಸತು ಹಾಕಬೇಕು. ಗೆಳೆಯರು ಮುಂದಿನ ಜೋಡಿಯನ್ನು ಮತ್ತೆ ಕೊಂಡರು. ಬಳಿಕ ನಾವು ಮಾಡಿದ ಕೆಲಸದ ಕ್ರಮವನ್ನೇ ಇಲ್ಲಿ ಹೇಳುತ್ತೇನೆ. ಬೇರೆ ಸ್ಪೋರ್ಟ್ಸ್ ಕಾರುಗಳಲ್ಲಿ ಬಿಡಿಭಾಗಗಳು ಬೇರೆ ಇದ್ದರೂ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ತಟ್ಟೆ

ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆಯಿರಿ. ಎಷ್ಟಕ್ಕಿಂತ ತೆಳುವಾಗಬಾರದು ಎಂಬ ಅಂಕಿಯನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತಾರೆ. ಅದಕ್ಕೆ ಇಳಿದಿದ್ದರೆ ಪ್ಯಾಡಿನ ಮಾತು ಬಿಟ್ಟು ಡಿಸ್ಕ್ ಬದಲಿಸಿ. ತೆಳುವಾದ ತಟ್ಟೆ ಬಿಸಿಯನ್ನೂ ತಡೆಯದು, ಸ್ವರವನ್ನೂ ಬದಲಿಸಿಕೊಳ್ಳುತ್ತದೆ. ಹೊರ ಅಂಚಿನಲ್ಲಿ ಸವೆಯದೆ ಉಳಿದ ಏಣು ಎದ್ದಿದ್ದರೆ ಹೊಸ ಪ್ಯಾಡಿನ ಅಂಚು ಅದಕ್ಕೆ ತಾಗಿ ಕೂಗುತ್ತದೆ.

ಹಳೆಯ ಪ್ಯಾಡ್ ತನ್ನ ವಸ್ತುವಿನ ತೆಳು ಪದರವೊಂದನ್ನು ಡಿಸ್ಕಿನ ಮೇಲೆ ಬಿಟ್ಟುಹೋಗಿರುತ್ತದೆ. ಬೇರೆ ಬಗೆಯ ಪ್ಯಾಡ್ ಹಾಕುವಿರಾದರೆ ಆ ಪದರ ಹೋಗಬೇಕು. ಡಿಸ್ಕ್ ಸಮತಟ್ಟಾಗಿದ್ದರೆ 120ರಿಂದ 150 ಗ್ರಿಟ್‌ನ ಮರಳು ಕಾಗದದಿಂದ ಸಣ್ಣ ಸುತ್ತುಗಳಲ್ಲಿ ಉಜ್ಜಿ, ಬ್ರೇಕ್ ಕ್ಲೀನರಿನಿಂದ ಒರೆಸಿದರೆ ಸಾಕು. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಬೇಡ. ಅವು ಜಿಡ್ಡು ಬಿಡುತ್ತವೆ. ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ತೆಗೆಯಿರಿ.

ಆಮೇಲೆ ಕ್ಯಾಲಿಪರ್

ಬಾಕ್ಸ್‌ಸ್ಟರಿನ ಕ್ಯಾಲಿಪರನ್ನು ಬಿಚ್ಚದೆಯೇ ಪ್ಯಾಡ್ ತೆಗೆಯಬಹುದು. ಅಡ್ಡ ಪಿನ್ ಮತ್ತು ಅದರಡಿಯ ಸ್ಪ್ರಿಂಗ್ ತೆಗೆದು, ಪ್ಯಾಡಿನ ಬೆನ್ನಿಗೂ ಡ್ಯಾಂಪರಿಗೂ ನಡುವೆ ಗೋಡೆಗೆ ಪುಟ್ಟಿ ಹಚ್ಚುವ ತೆಳು ಅಲಗನ್ನು ತೂರಿಸಿ ಅಂಟು ಬಿಡಿಸಬೇಕು. ಪಿಸ್ಟನ್‌ಗಳನ್ನು ಹಿಂದಕ್ಕೆ ನಿಧಾನವಾಗಿ ತಳ್ಳಬೇಕು. ಒಂದನ್ನು ತಳ್ಳಿದರೆ ಇನ್ನೊಂದು ಹೊರಬರುತ್ತದೆ, ಆದ್ದರಿಂದ ಜೋಡಿಯಾಗಿ ತಳ್ಳುವುದು ಲೇಸು. ತಳ್ಳಿದಷ್ಟೂ ಬಾನೆಟ್ಟಿನಡಿಯ ಡಬ್ಬಿಯಲ್ಲಿ ಬ್ರೇಕ್ ಎಣ್ಣೆ ಏರುತ್ತದೆ. ಅದು ಉಕ್ಕಿ ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದುಬರುತ್ತದೆ.

ಪಿಸ್ಟನ್ ಸುತ್ತ ಚೌಕ ಅಂಚಿನ ರಬ್ಬರ್ ಉಂಗುರವಿದೆ. ಪೆಡಲ್ ತುಳಿದಾಗ ಅದು ತುಸು ಬಾಗಿ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆಳೆಯುತ್ತದೆ. ಪ್ಯಾಡಿಗೂ ಡಿಸ್ಕಿಗೂ ಅಂತರ ಸಿಗುವುದು ಹೀಗೆ. ಪಿಸ್ಟನ್ ತುಕ್ಕು ಹಿಡಿದೋ, ರಬ್ಬರ್ ಗಟ್ಟಿಯಾಗಿಯೋ ಈ ಚಲನೆ ನಿಂತರೆ ಪ್ಯಾಡ್ ಸದಾ ಸವರುತ್ತಲೇ ಇರುತ್ತದೆ, ಓರೆಯಾಗಿ ಸವೆಯುತ್ತದೆ, ಹಾಡುತ್ತದೆ.

ಕ್ಯಾಲಿಪರ್ ಅಲ್ಯೂಮಿನಿಯಂ. ಪ್ಯಾಡ್ ಜಾರುವ ಜಾಗದಲ್ಲಿ ಅದಕ್ಕೆ ತೆಳುವಾದ ಸ್ಟೇನ್‌ಲೆಸ್ ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಮುಂಬೈ, ಚೆನ್ನೈಗಳ ಉಪ್ಪು ಗಾಳಿಯಲ್ಲಿ ಈ ಪಟ್ಟಿಯ ಅಡಿಯಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಂತೆ ಉಬ್ಬುತ್ತದೆ. ಪಟ್ಟಿ ಮೇಲೇಳುತ್ತದೆ, ಪ್ಯಾಡ್ ಸಿಕ್ಕಿಕೊಳ್ಳುತ್ತದೆ. ಆಗ ಕೆಲವರು ಪ್ಯಾಡಿನ ಅಂಚನ್ನು ಅರದಿಂದ ಉಜ್ಜಿ ತೂರಿಸುತ್ತಾರೆ. ಸರಿಯಾದ ದಾರಿ ಪಟ್ಟಿ ಬಿಚ್ಚಿ, ಅಡಿಯ ಪುಡಿ ಕೆರೆದು, ಮತ್ತೆ ಕೂರಿಸುವುದು. ಪರೀಕ್ಷೆ ಸುಲಭ: ಪ್ಯಾಡ್ ಬೆರಳಿನ ಒತ್ತಡಕ್ಕೆ ಜಾರಬೇಕು, ಕೈಬಿಟ್ಟರೆ ಗಡಗಡ ಅಲ್ಲಾಡಬಾರದು.

ಬೆನ್ನಿನ ಮದ್ದು

ಡ್ಯಾಂಪರ್‌ಗಳನ್ನು ಪ್ಯಾಡ್ ಬದಲಿಸಿದಾಗಲೆಲ್ಲ ಹೊಸದಾಗಿ ಹಾಕಬೇಕು. ಒಮ್ಮೆ ಕಿತ್ತ ಅಂಟು ಮತ್ತೆ ಕಚ್ಚದು. ಈ ಕಾರಿನ ಮುಂದಿನ ಕ್ಯಾಲಿಪರಿನಲ್ಲಿ ಪಿಸ್ಟನ್‌ಗಳ ಅಳತೆ ಎರಡು ಬಗೆ. ಡಿಸ್ಕ್ ಒಳಬರುವ ಬದಿಯಲ್ಲಿ ಚಿಕ್ಕದು, ಹೊರಹೋಗುವ ಬದಿಯಲ್ಲಿ ದೊಡ್ಡದು. ಪ್ಯಾಡ್ ಓರೆಯಾಗಿ ಸವೆಯದಿರಲೆಂದೇ ಈ ವ್ಯವಸ್ಥೆ. ಆದ್ದರಿಂದ ಡ್ಯಾಂಪರ್‌ಗಳೂ ಎರಡು ಅಳತೆ, ಅದಲುಬದಲಾದರೆ ಕೂರುವುದಿಲ್ಲ. ಪ್ಯಾಡಿನ ಬೆನ್ನನ್ನು ಕ್ಲೀನರಿನಿಂದ ಒರೆಸಿ, ಒಣಗಿಸಿ, ಕಾಗದ ಸುಲಿದು, ಕಾಲುಗಳು ಪಿಸ್ಟನ್ನಿನೊಳಗೆ ನೆಟ್ಟಗೆ ಕೂತಿವೆಯೇ ನೋಡಿ ಒತ್ತಬೇಕು. ಅಂಟಿನ ಜಾಗಕ್ಕೆ ಗ್ರೀಸ್ ಸೋಕಿದರೆ ಕೆಲಸ ಕೆಟ್ಟಂತೆ.

ಬೇರೆ ಅನೇಕ ಕಾರುಗಳಲ್ಲಿ ಡ್ಯಾಂಪರಿನ ಬದಲು ಪ್ಯಾಡಿನ ಬೆನ್ನಿಗೆ ಶಿಮ್ ಎಂಬ ತೆಳು ತಗಡು ಇರುತ್ತದೆ. ನೋಡಲು ಬರೀ ತಗಡು, ಆದರೆ ಒಳ್ಳೆಯ ಶಿಮ್‌ನಲ್ಲಿ ಉಕ್ಕು ಮತ್ತು ರಬ್ಬರಿನಂಥ ಪದರಗಳಿವೆ. ಪ್ಯಾಡ್ ಅದುರಿದಾಗ ಆ ಮೆದು ಪದರ ಎಳೆದಾಡಿ ಕಂಪನವನ್ನು ಬಿಸಿಯಾಗಿ ಕರಗಿಸಿಬಿಡುತ್ತದೆ. ಬಾರಿಸಿದ ಜಾಗಟೆಗೆ ಅಂಗೈ ಇಟ್ಟರೆ ಸದ್ದು ನಿಲ್ಲುವಂತೆ. ಹಳೆಯ ಶಿಮ್ ಬಾಗಿದ್ದರೆ, ಸಿಪ್ಪೆ ಎದ್ದಿದ್ದರೆ ಎಸೆಯಿರಿ.

ಗ್ರೀಸ್ ಬೇಕೇ? ಬೇಕು, ಹಣೆಗೆ ಕುಂಕುಮ ಇಡುವಷ್ಟು. ಪ್ಯಾಡಿನ ಕಬ್ಬಿಣದ ತಳದ ಎರಡು ತುದಿಗಳು ಕ್ಯಾಲಿಪರಿನಲ್ಲಿ ಜಾರುವ ಕಡೆ ತೆಳುವಾಗಿ ಸವರಿದರೆ ಸಾಕು. ಅದೂ ಬ್ರೇಕಿಗೆಂದೇ ಮಾಡಿದ, ಬಿಸಿ ತಡೆಯುವ ಸಿಲಿಕೋನ್ ಅಥವಾ ಸೆರಾಮಿಕ್ ಗ್ರೀಸ್ ಆಗಿರಬೇಕು. ಬೇರಿಂಗಿಗೆ ಹಾಕುವ ಪೆಟ್ರೋಲಿಯಂ ಗ್ರೀಸ್ ರಬ್ಬರ್ ಸೀಲನ್ನು ಉಬ್ಬಿಸಿ ಹಾಳುಮಾಡುತ್ತದೆ. ಉಜ್ಜುವ ಮುಖಕ್ಕೆ, ಡಿಸ್ಕಿಗೆ ಗ್ರೀಸಾಗಲಿ ‘ಸದ್ದು ನಿಲ್ಲಿಸುವ’ ಎಣ್ಣೆಯ ಸ್ಪ್ರೇ ಆಗಲಿ ಎಂದೆಂದಿಗೂ ಬೇಡ.

ಅಡ್ಡ ಪಿನ್, ಸ್ಪ್ರಿಂಗ್ ಮತ್ತು ಕ್ಲಿಪ್ ಕೂಡ ಹೊಸದಿರಲಿ. ಪೂರ್ತಿ ಖರ್ಚಿನಲ್ಲಿ ಅವುಗಳ ಪಾಲು ತೀರ ಚಿಕ್ಕದು. ಬಲ ಕಳೆದುಕೊಂಡ ಸ್ಪ್ರಿಂಗ್ ಪ್ಯಾಡನ್ನು ಕುಣಿಯಲು ಬಿಡುತ್ತದೆ.

ಹದ ಮಾಡಿದರೇ ಹೊಂದಿಕೆ

ಹೊಸ ಹೆಂಚಿನ ಮೇಲೆ ಮೊದಲ ದಿನವೇ ದೋಸೆ ಏಳುವುದಿಲ್ಲ, ಎಣ್ಣೆ ಸವರಿ ಕಾಯಿಸಿ ಪಳಗಿಸಬೇಕು. ಹೊಸ ಪ್ಯಾಡಿಗೂ ಹೀಗೆಯೇ ಪಳಗಿಸುವ ಕೆಲಸವಿದೆ, ಎಣ್ಣೆಯೊಂದನ್ನು ಬಿಟ್ಟು. ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಸಮನಾದ ತೆಳು ಪದರವಾಗಿ ಕೂತಾಗ ಹಿಡಿತವೂ ಬರುತ್ತದೆ, ಸದ್ದೂ ಇಳಿಯುತ್ತದೆ. ಕಲೆಕಲೆಯಾಗಿ ಕೂತರೆ ಎರಡೂ ಕೆಡುತ್ತವೆ.

ಅದಕ್ಕೂ ಮೊದಲು ಜೀವದ ಪ್ರಶ್ನೆಯೊಂದಿದೆ. ಪಿಸ್ಟನ್ ಹಿಂದೆ ತಳ್ಳಿರುವುದರಿಂದ ಮೊದಲ ಸಲ ತುಳಿದಾಗ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಆದ್ದರಿಂದ ಕಾರು ಅಲ್ಲಾಡುವ ಮೊದಲೇ, ನಿಂತಲ್ಲೇ, ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ತುಳಿಯಬೇಕು. ಎಣ್ಣೆಯ ಮಟ್ಟ ನೋಡಬೇಕು. ಬೇಸ್‌ಮೆಂಟಿನ ಇಳಿಜಾರಿನಲ್ಲಿ ಇದು ನೆನಪಾದರೆ ತಡವಾಗಿರುತ್ತದೆ.

ಪಳಗಿಸುವ ಕ್ರಮವನ್ನು ಪ್ಯಾಡಿನ ಡಬ್ಬಿಯಲ್ಲೇ ಕೊಟ್ಟಿರುತ್ತಾರೆ. ಅದನ್ನೇ ಪಾಲಿಸಿ. ಸಾಮಾನ್ಯವಾಗಿ ಖಾಲಿ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರಿನಿಂದ 20ಕ್ಕೆ, ಹದವಾದ ಒತ್ತಡದಲ್ಲಿ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಬಾರಿ ಇಳಿಸಬೇಕು. ಆಮೇಲೆ ಹತ್ತು ಹದಿನೈದು ನಿಮಿಷ ಬ್ರೇಕ್ ಆದಷ್ಟೂ ಮುಟ್ಟದೆ ಓಡಿಸಿ ತಣಿಸಬೇಕು. ಬಿಸಿ ಬ್ರೇಕನ್ನು ಒತ್ತಿಹಿಡಿದು ನಿಂತರೆ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಬೀಳುತ್ತದೆ. ಹಿಂದೆ ಬರುವವರಿಗೆ ನಿಮ್ಮ ಉದ್ದೇಶ ತಿಳಿಯದು, ಹಾಗಾಗಿ ಎಕ್ಸ್‌ಪ್ರೆಸ್‌ವೇ ಇದಕ್ಕೆ ತಕ್ಕ ಜಾಗವಲ್ಲ. ನಾವು ಭಾನುವಾರ ನಸುಕಿನಲ್ಲಿ ಜನಸಂಚಾರವಿಲ್ಲದ ಕೈಗಾರಿಕಾ ಪ್ರದೇಶದ ನೇರ ರಸ್ತೆ ಆರಿಸಿಕೊಂಡೆವು.

ಬಾಕ್ಸ್‌ಸ್ಟರ್ ಸುಮ್ಮನಾಯಿತು. ಚಳಿಗಾಲದ ಬೆಳಗ್ಗೆ ಮೊದಲ ಎರಡು ತುಳಿತಕ್ಕೆ ಸಣ್ಣಗೆ ಗೊಣಗುವುದುಂಟು, ಅಷ್ಟೇ. ಎಡಕ್ಕೆ ಎಳೆಯುವುದು ಪೂರ್ತಿ ನಿಂತಿತು. ಗೆಳೆಯರು ದೀಪಾವಳಿಗೆ ಒಂದು ದಿನ ತಡವಾಗಿ ಹೊರಟು, ಅರಬೈಲ್ ಘಟ್ಟವನ್ನು ತಂದೆಯ ಜೊತೆ ಇಳಿದರು. ರಸ್ತೆಯ ಉಬ್ಬುಗಳಿಗೆ ಕಾರಿನ ಹೊಟ್ಟೆ ತಾಗಿದ್ದರ ಬಗ್ಗೆ ಮಾತ್ರ ತಂದೆಯವರ ದೂರು ಇನ್ನೂ ನಿಂತಿಲ್ಲ.

ಯಾವ ಸದ್ದಿಗೆ ಹೆದರಬೇಕು?

ಎಲ್ಲ ಸದ್ದೂ ಒಂದೇ ಅಲ್ಲ. ಮಳೆ ಬಂದ ಮರುದಿನ ಬೆಳಗ್ಗೆ ಮೊದಲ ನಾಲ್ಕೈದು ಬಾರಿ ಕರಕರ ಎಂದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ತಾನೇ ಹೋಗುತ್ತದೆ. ಬ್ರೇಕ್ ಮುಟ್ಟದಿದ್ದಾಗಲೂ ಸಣ್ಣ ಕೀರಲು ಸದ್ದು ಬಂದು, ಬ್ರೇಕ್ ಒತ್ತಿದಾಗ ಬದಲಾದರೆ, ಅನೇಕ ಕಾರುಗಳಲ್ಲಿ ಅದು ಪ್ಯಾಡ್ ಮುಗಿಯಿತು ಎಂದು ಹೇಳಲೆಂದೇ ಇಟ್ಟ ತಗಡಿನ ನಾಲಿಗೆ. ಕೆಲವು ಕಾರುಗಳಲ್ಲಿ ಆ ಕೆಲಸಕ್ಕೆ ವಿದ್ಯುತ್ ಸೆನ್ಸರ್ ಇದ್ದು ದೀಪ ಹೊತ್ತುತ್ತದೆ. ಹಾಗೆ ಹೊತ್ತಿದ್ದರೆ ಸೆನ್ಸರನ್ನೂ ಬದಲಿಸಬೇಕು. ಕಲ್ಲು ಅರೆದಂಥ ಗರಗರ ಸದ್ದು ಕೇಳಿದರೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ. ಆ ಕಾರನ್ನು ಅಲ್ಲೇ ನಿಲ್ಲಿಸಿ. ಪೆಡಲ್ ಮೆತ್ತಗಾದರೆ, ಕಾರು ಒಂದು ಬದಿಗೆ ಎಳೆದರೆ, ಸದ್ದು ಇರಲಿ ಬಿಡಲಿ, ಓಡಿಸಬೇಡಿ.

ಸದ್ದಿಗೆ ಹೆದರಿ ಮೆದುವಾದ ಅಗ್ಗದ ಪ್ಯಾಡಿಗೆ ಇಳಿಯುವುದೂ ತಪ್ಪು ಲೆಕ್ಕ. ಅನೇಕ ಪ್ಯಾಡ್‌ಗಳ ಅಂಚಿನಲ್ಲಿ ಎರಡು ಅಕ್ಷರ ಅಚ್ಚಾಗಿರುತ್ತವೆ. ಮೊದಲನೆಯದು ಮಾಮೂಲಿ ಬಿಸಿಯಲ್ಲಿ, ಎರಡನೆಯದು ಹೆಚ್ಚು ಬಿಸಿಯಲ್ಲಿ ಎಷ್ಟು ಹಿಡಿತ ಎಂದು ಸೂಚಿಸುತ್ತವೆ. ‘ಇ’ ಎಂದರೆ ಘರ್ಷಣಾಂಕ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿನದಾದರೆ ಬಿಸಿಯಲ್ಲಿ ಹಿಡಿತ ಕುಗ್ಗುತ್ತದೆ ಎಂದರ್ಥ. ಘಟ್ಟದ ದಾರಿಯಲ್ಲಿ ಊರಿಗೆ ಹೋಗುವ ನಮಗೆ ಬೇಕಾದ್ದು ಈ ಎರಡನೆಯ ಅಕ್ಷರ. ಹಾಗೆಂದು ಬರೀ ರೇಸ್ ಟ್ರ್ಯಾಕಿಗೆಂದು ಮಾಡಿದ ಪ್ಯಾಡನ್ನು ಊರೊಳಗೆ ಓಡಿಸಬೇಡಿ. ಅದು ತಣ್ಣಗಿದ್ದಾಗ ಕಚ್ಚುವುದೂ ಕಡಿಮೆ, ಕೂಗುವುದೂ ಹೆಚ್ಚು.

ಬ್ರೇಕ್ ಎಣ್ಣೆಯನ್ನೂ ಮರೆಯಬೇಡಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ತೇವ ಹೀರಿದ ಮೇಲಿನ ಕನಿಷ್ಠ ಮಿತಿ 155. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಇದಕ್ಕೇ.

ಗ್ಯಾರೇಜಿನಲ್ಲಿ ಕೇಳಬೇಕಾದ್ದು

ನಮ್ಮಲ್ಲಿ ಬಹುಪಾಲು ಜನ ಸ್ವತಃ ಜ್ಯಾಕ್ ಹಚ್ಚಿ ಕೂರುವವರಲ್ಲ, ಎಷ್ಟೋ ಸೊಸೈಟಿಗಳಲ್ಲಿ ಅದಕ್ಕೆ ಅನುಮತಿಯೂ ಇಲ್ಲ. ಆದರೆ ಪಕ್ಕದಲ್ಲಿ ನಿಂತು ಕೇಳಬಹುದು. ಮರಾಠಿಯೋ, ತೆಲುಗೋ, ಹಿಂದಿಯೋ, ಬಂದಷ್ಟು ಭಾಷೆಯಲ್ಲಿ ಈ ಆರು ಪ್ರಶ್ನೆ ಕೇಳಿ:

• ಡಿಸ್ಕಿನ ದಪ್ಪ ಅಳೆದಿರಾ? ಎಷ್ಟು ಬಂತು?
• ಡ್ಯಾಂಪರ್ ಅಥವಾ ಶಿಮ್, ಪಿನ್, ಸ್ಪ್ರಿಂಗ್ ಹೊಸದು ತರಿಸಿದ್ದೀರಾ?
• ಪ್ಯಾಡ್ ಕೂರುವ ಜಾಗ ಕೆರೆದು ಸ್ವಚ್ಛ ಮಾಡಿದಿರಾ? ಕೈಯಲ್ಲಿ ಒತ್ತಿದರೆ ಪ್ಯಾಡ್ ಜಾರುತ್ತಿದೆಯೇ?
• ಯಾವ ಗ್ರೀಸ್? ಎಲ್ಲಿ ಹಚ್ಚುತ್ತೀರಿ? ಡಬ್ಬಿ ತೋರಿಸಿ.
• ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ, ಕಾರಿನ ಕೈಪಿಡಿಯ ಅಂಕಿಗೆ ಬಿಗಿದಿರಾ?
• ಈ ಪ್ಯಾಡ್ ಪಳಗಿಸುವ ಕ್ರಮ ಯಾವುದು? ನೀವು ಮಾಡುತ್ತೀರೋ, ನಾನು ಮಾಡಬೇಕೋ?

ಕೆಲಸ ಗೊತ್ತಿರುವ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ, ಖುಷಿಯಾಗಿ ತೋರಿಸುತ್ತಾನೆ. ‘ಅದೆಲ್ಲ ಬೇಡ ಸಾರ್, ಸ್ವಲ್ಪ ಗ್ರೀಸ್ ಹಚ್ಚಿದರೆ ಆಯಿತು’ ಎನ್ನುವವನಿಗೆ ನಮಸ್ಕಾರ ಹೇಳಿ ಕೀಲಿ ವಾಪಸ್ ತೆಗೆದುಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಸ್ಪೋರ್ಟ್ಸ್ ಕಾರು ಆಗೊಮ್ಮೆ ಈಗೊಮ್ಮೆ ಸಣ್ಣಗೆ ಕೂಗಬಹುದು. ತಣ್ಣಗಿರುವಾಗ, ತೇವವಿದ್ದಾಗ, ಮೆಲ್ಲಗೆ ಒತ್ತಿದಾಗ ಒಂದಿಷ್ಟು ಸದ್ದು ಸಹಜ. ಭಾಗಗಳೆಲ್ಲ ಸರಿಯಾಗಿ ಕೂತಿವೆ, ಉಜ್ಜುವ ಮುಖ ಸ್ವಚ್ಛವಾಗಿದೆ ಎಂದು ಗೊತ್ತಿದ್ದರೆ ಆ ಕೂಗನ್ನು ಸಹಿಸಿಕೊಳ್ಳಿ. ಘಟ್ಟದಲ್ಲಿ ನಮ್ಮನ್ನು ಉಳಿಸುವುದು ಬ್ರೇಕಿನ ಮೌನವಲ್ಲ, ಅದರ ಹಿಡಿತ.